ಬ್ಯಾಸಗ್ಯಾಗ ನಾಯಿಗೆ ಓಡಾಟ ಹೆಂಗ ಮಾಡಿಸ್ತೀರಿ? ರಾಯಚೂರು, ಬಳ್ಳಾರಿ, ಕೊಪ್ಪಳದವ್ರು ಹೇಳ್ರಿ

ಬ್ರೂನೋ_ರಾಯಚೂರು | ಮೇ 4, ರಾತ್ರಿ 9:40

ಎಲ್ಲಾರಿಗೂ ನಮಸ್ಕಾರ್ರಿ. ನಮ್ಮನ್ಯಾಗ ಮೂರು ವರ್ಷದ ಲ್ಯಾಬ್ರಡಾರ್ ಅದ, ಹೆಸರು ಬ್ರೂನೋ, ತೂಕ 34 ಕಿಲೋ. ಚಳಿಗಾಲದಾಗ ದಿನಾ ಮುಂಜಾನಿ ಆಮ್ ತಲಾಬ್ ಕಡೆ ಒಂದು ತಾಸು, ಸಂಜಿಕ ಮುಕ್ಕಾಲು ತಾಸು ತಿರುಗಿಸ್ತಿದ್ದೆ. ಹೋಳಿ ಹುಣ್ಣಿಮಿ ದಾಟಿದ ಮ್ಯಾಲೆ ಎಲ್ಲಾ ತಪ್ಪಿಹೋಗ್ಯದ.

ಹೋದ ಐತ್ವಾರ ಬಿಸಲು ಇಳದದ ಅಂತ ಸಂಜಿ 6ಕ್ಕ ಕರ್ಕೊಂಡು ಹೊಂಟೆ. ಹತ್ತು ನಿಮಿಷ ಆಗಿದ್ದಿಲ್ಲ, ರಸ್ತೆ ಮ್ಯಾಲೆ ಒಂದೊಂದೇ ಕಾಲು ಎತ್ತಲಿಕ್ಕೆ ಸುರು ಮಾಡ್ತು. ಆಮ್ಯಾಲೆ ಕುಂತೇ ಬಿಡ್ತು. ಮನಿಗೆ ಬಂದು ನೋಡಿದ್ರ ಮುಂದಿನ ಎರಡೂ ಪಾದದ ಮೆತ್ತೆ ಕೆಂಪಾಗಿ ಸಿಪ್ಪಿ ಎದ್ದಾವ. ಅವತ್ತಿಂದ ಹೊರಗ ಒಯ್ದಿಲ್ಲ. ಈಗ ಮನ್ಯಾಗ ಕಾಲೊರಸು, ಚಪ್ಪಲಿ, ಮಗಳ ಬ್ಯಾಗಿನ ಪಟ್ಟಿ ಎಲ್ಲಾ ಕಡದು ಹಾಕ್ಲಿಕ್ಕತ್ತದ. ಮೈಯೂ ಏರ್ಲಿಕ್ಕತ್ತದ. ಮನಿಯವ್ರು "ಈ ಎರಡು ತಿಂಗಳು ಹಂಗೇ ಬಿಡ್ರಿ" ಅಂತಾರ. ನನಗ ಮನಸ್ಸು ಬರವಲ್ದು. ಈ ಬಿಸಲಾಗ ನೀವೆಲ್ಲಾ ಏನ್ ಮಾಡ್ತೀರಿ?

ಗುಡ್ಡದ_ಓಟಗಾರ | ಮೇ 4, ರಾತ್ರಿ 9:58

ನಮ್ಮ ಕಡೆ ಸಂಜೆ 6 ಅಂದ್ರೆ ಇನ್ನೂ ಮಧ್ಯಾಹ್ನನೇ ಸರ್. ಗಾಳಿ 40 ಇದ್ರೆ ಬಿಸಿಲಿಗೆ ಬಿದ್ದ ಡಾಂಬರು 60 ದಾಟಿರ್ತೈತೆ. ಸೂರ್ಯ ಮುಳುಗಿದ ತಕ್ಷಣ ಅದು ಆರಲ್ಲ. ಬಳ್ಳಾರಿ ಗುಡ್ಡದ ಬುಡದಾಗೆ ನಮ್ಮ ಮನೆ. ರಾತ್ರಿ ಹತ್ತಕ್ಕೂ ಬಂಡೆ ಮೇಲೆ ಕೈ ಇಟ್ರೆ ಬೆಚ್ಚಗಿರ್ತೈತೆ, ಒಳಗಿನ ಝಳ ಹೊರಗೆ ಬಿಡ್ತಾ ಇರ್ತೈತೆ.

ಹೊರಡೋಕೆ ಮುಂಚೆ ಮುಂಗೈನ ಹಿಂಭಾಗ ರಸ್ತೆಗೆ ಒತ್ತಿ ಏಳು ಎಣಿಸ್ರಿ. ನಿಮಗೆ ತಡಕೊಳ್ಳೋಕೆ ಆಗ್ಲಿಲ್ಲ ಅಂದ್ರೆ ಅದಕ್ಕೂ ಆಗಲ್ಲ.

ಹುಲಿಕೆರಿ_ಹುಡುಗ | ಮೇ 4, ರಾತ್ರಿ 10:05

ನಸುಕಿನ್ಯಾಗ 5ಕ್ಕ ಎದ್ದು ಹೋಗ್ರಿ ಅಣ್ಣಾ. ಬ್ಯಾರೆ ದಾರಿ ಇಲ್ಲ. ದಿನದಾಗ ನೆಲ ತಣ್ಣಗ ಇರೋದು ಅದೊಂದೇ ಹೊತ್ತು.

ಸಿಂಧನೂರು_ಹೊಲ | ಮೇ 4, ರಾತ್ರಿ 10:21

ಯಪ್ಪಾ, ನಾಯಿಗೆ ಇಷ್ಟೆಲ್ಲಾ ಯಾಕ್ರಿ? ನಮ್ಮ ಹೊಲದಾಗ ಎರಡು ನಾಯಿ ಅದಾವ. 43 ಡಿಗ್ರಿಯೊಳಗೂ ಅಲ್ಲೇ ಇರ್ತಾವ, ಒಂದು ದಿನ ಬ್ಯಾನಿ ಬಿದ್ದಿಲ್ಲ. ಪ್ಯಾಟಿಯವ್ರು ಕೂಲರ್ ಮುಂದ ಮಲಗಿಸಿ ಮಲಗಿಸಿ ಅವಕ್ಕ ತಾಕತ್ತು ಇಲ್ಲದಂಗ ಮಾಡೀರಿ.

ಗಂಗಾವತಿ_ಅಕ್ಕ | ಮೇ 4, ರಾತ್ರಿ 10:34

ಸಿಂಧನೂರು ಅಣ್ಣಾರ, ಒಂದು ಮಾತು ಕೇಳ್ತೀನಿ. ನಿಮ್ಮ ಹೊಲದ ನಾಯಿ ಮಧ್ಯಾಹ್ನ 1 ಗಂಟೆಗೆ ಎಲ್ಲಿರ್ತಾವು? ಓಡ್ತಿರ್ತಾವೋ, ಬೇವಿನ ಗಿಡದ ಬುಡಕ ಮಲಗಿರ್ತಾವೋ?

ಸಿಂಧನೂರು_ಹೊಲ | ಮೇ 4, ರಾತ್ರಿ 10:41

ಪಂಪ್‌ಸೆಟ್ ಮುಂದ ಹಸಿ ಮಣ್ಣು ಕೆದರಿ ಕುಣಿ ಮಾಡ್ಕೊಂಡು ಅದರಾಗ ಮಲಗ್ತಾವ. ನಾಕರ ತನಕ ಕರದ್ರೂ ಏಳಂಗಿಲ್ಲ.

ಗಂಗಾವತಿ_ಅಕ್ಕ | ಮೇ 4, ರಾತ್ರಿ 10:46

ಅದನ್ನ ಹೇಳಾಕತ್ತೀನಿ ಅಣ್ಣಾ. ಅವು ತಮ್ಮ ಹೊತ್ತು ತಾವ ಆರಿಸ್ಕೊಂತಾವು. ನಮ್ಮ ನಾಯಿ ಕೊಳ್ಳಾಗ ನಮ್ಮ ಹಗ್ಗ ಇರ್ತೈತಿ, ನಾವು ಎಳದ ಕಡೆ ಬರ್ತಾವು. ಲ್ಯಾಬ್ ಅಂತೂ ಮಾಲಕ ಖುಷಿ ಪಡ್ತಾನಂದ್ರ ಬಿದ್ದು ಹೋಗೋ ತನಕ ಚೆಂಡಿನ ಹಿಂದ ಓಡ್ತೈತಿ. ಸಾಕು ಅನ್ನೋದು ಅದಕ್ಕ ಗೊತ್ತಾಗಂಗಿಲ್ಲ, ನಮಗ ಗೊತ್ತಾಗಬೇಕು.

ಸಿಂಧನೂರು_ಹೊಲ | ಮೇ 4, ರಾತ್ರಿ 10:50

ಈ ಮಾತು ಖರೇ ಅದ ತಂಗಿ. ಒಪ್ಪಿದೆ.

ನಿವೃತ್ತ_ಪಶುವೈದ್ಯ | ಮೇ 5, ಬೆಳಿಗ್ಗೆ 6:15

ಈ ಮೂರೂ ಜಿಲ್ಲೆಗಳಲ್ಲಿ ಕೆಲಸ ಮಾಡಿದವನು ನಾನು. ಏಪ್ರಿಲ್ ಬಂತೆಂದರೆ ಝಳ ಬಡಿದ ನಾಯಿಗಳು ಮೇಜಿನ ಮೇಲೆ ಬರುತ್ತಿದ್ದವು. ಅವುಗಳಲ್ಲಿ ಬಹಳಷ್ಟನ್ನು ಕರೆತರುತ್ತಿದ್ದವರು ನಾಯಿಯನ್ನು ಪ್ರೀತಿಯಿಂದಲೇ ತಿರುಗಾಡಿಸಲು ಒಯ್ದವರು. ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಮಗೆ ಮೈಯೆಲ್ಲಾ ಬೆವರುತ್ತದೆ. ನಾಯಿಗೆ ಬೆವರುವುದು ಮುಖ್ಯವಾಗಿ ಪಾದದ ಮೆತ್ತೆಯಲ್ಲಿ, ಅದು ಮೈ ತಣಿಸಲು ಏನೇನೂ ಸಾಲದು. ನಾಲಿಗೆ ಚಾಚಿ ಏದುಸಿರು ಬಿಡುವುದೇ ಅದರ ದಾರಿ: ಬಾಯಿ, ಮೂಗಿನ ಒಳಗಿನ ತೇವ ಆವಿಯಾಗುತ್ತಾ ಕಾವನ್ನು ಹೊತ್ತೊಯ್ಯುತ್ತದೆ. ಆರೋಗ್ಯವಂತ ನಾಯಿಯ ಮೈಬಿಸಿಯೇ 38.3ರಿಂದ 39.2 ಡಿಗ್ರಿ. 41 ದಾಟಿದರೆ ಪ್ರಾಣಕ್ಕೆ ಅಪಾಯ. ಈ ಎರಡರ ನಡುವೆ ಇರುವುದು ಎರಡು ಡಿಗ್ರಿ ಮಾತ್ರ. 34 ಕಿಲೋ ತೂಕದ, ಈಗಾಗಲೇ ಮೈ ಏರಿದ ನಾಯಿ ಓಡಿದರೆ ಅಷ್ಟು ಏರಲು ಹೆಚ್ಚು ಹೊತ್ತು ಬೇಡ. ಪಗ್, ಬುಲ್‌ಡಾಗ್, ಶಿಟ್ಜು ತರಹದ ಚಪ್ಪಟೆ ಮೂತಿಯವಕ್ಕೆ ಉಸಿರಾಟವೇ ಕಷ್ಟ, ಅವುಗಳಿಗೆ ಇನ್ನೂ ಬೇಗ.

ಇನ್ನೊಂದು ವಿಷಯ ಇಲ್ಲಿ ಯಾರೂ ಹೇಳಿಲ್ಲ. ಮೇ ಕೊನೆಗೆ ಒಂದು ಮಳೆ ಬಿದ್ದು ಮೋಡ ಮುಚ್ಚಿ ಕುದಿ ಶುರುವಾಗುತ್ತದಲ್ಲ, ಆಗ "ಇವತ್ತು ತಂಪು" ಎಂದು ಎರಡು ಪಟ್ಟು ಓಡಿಸುತ್ತಾರೆ. ಗಾಳಿಯಲ್ಲಿ ತೇವ ತುಂಬಿದ್ದಾಗ ಏದುಸಿರಿನಿಂದ ಆವಿಯಾಗುವುದು ಕಡಿಮೆಯಾಗುತ್ತದೆ. 34 ಡಿಗ್ರಿಯ ಒದ್ದೆ ಸಂಜೆ ನಾಯಿಗೆ ಒಣ ಸಂಜೆಗಿಂತ ಕಷ್ಟವಾಗಬಹುದು.

ಬ್ರೂನೋ ಪಾದಕ್ಕೆ ತಣ್ಣೀರು ಹಾಕಿ ತೊಳೆಯಿರಿ, ನೆಕ್ಕದಂತೆ ನೋಡಿಕೊಳ್ಳಿ, ಹತ್ತಿರದ ಪಶು ಆಸ್ಪತ್ರೆಯಲ್ಲಿ ಒಮ್ಮೆ ತೋರಿಸಿ. ಅರಿಶಿನ, ಕೊಬ್ಬರಿ ಎಣ್ಣೆ ಅಂತ ಮೆತ್ತಬೇಡಿ. ಮೆತ್ತೆ ಮಾಯುವ ತನಕ ವಾಕಿಂಗ್ ಬೇಡ.

ಬ್ರೂನೋ_ರಾಯಚೂರು | ಮೇ 5, ಬೆಳಿಗ್ಗೆ 7:02

ಭಾಳ ಉಪಕಾರ ಆಯ್ತು ಡಾಕ್ಟ್ರೇ. ಇವತ್ತೇ ತೋರಿಸ್ತೀನಿ.

ಕೌಲ್‌ಬಜಾರ್_ಪಾಮಿ | ಮೇ 5, ಬೆಳಿಗ್ಗೆ 8:30

ನಮ್ಮ ಪಾಮರೇನಿಯನ್‌ಗೆ ಹೋದ ವರ್ಷ ಪೂರ್ತಿ ಕೂದ್ಲು ಬೋಳಿಸಿಬಿಟ್ವಿ, ತಂಪಾಯ್ತು. ಲ್ಯಾಬಿಗೂ ಮಾಡಿಸ್ರಿ.

ಗುಡ್ಡದ_ಓಟಗಾರ | ಮೇ 5, ಬೆಳಿಗ್ಗೆ 8:37

ದಯವಿಟ್ಟು ಬೇಡ. ಪಾಮರೇನಿಯನ್, ಲ್ಯಾಬ್, ಹಸ್ಕಿ, ಜರ್ಮನ್ ಶೆಫರ್ಡ್ ಇವಕ್ಕೆಲ್ಲಾ ಎರಡು ಪದರ ಕೂದಲು. ಮೇಲಿನ ಪದರ ಬಿಸಿಲಿಗೆ ಅಡ್ಡ ಇರ್ತೈತೆ. ಬೋಳಿಸಿದ್ರೆ ಚರ್ಮ ನೇರ ಸುಡ್ತೈತೆ, ಕೆಲವಕ್ಕೆ ಕೂದಲು ಮೊದಲಿನಂಗೆ ಬರೋದೂ ಇಲ್ಲ. ದಿನಾ ಬಾಚಿ ಉದುರಿದ ಒಳಗೂದಲು ತೆಗೀರಿ, ಗಾಳಿ ಆಡ್ತೈತೆ.

ಕೌಲ್‌ಬಜಾರ್_ಪಾಮಿ | ಮೇ 5, ಬೆಳಿಗ್ಗೆ 8:55

ಹೌದಾ? ಅದಕ್ಕೇ ಇರಬೇಕು, ಬೆನ್ನ ಮೇಲೆ ಒಂದು ಕಡೆ ಇನ್ನೂ ಕೂದ್ಲು ಬಂದಿಲ್ಲ. ಕೂದ್ಲು ಕತ್ತರಿಸೋರು ಹೇಳ್ಲೇ ಇಲ್ಲ ನಮಗೆ. ಪಾಪ, ಅದಕ್ಕೆ ಎಷ್ಟು ಉರಿ ಆಯ್ತೋ.

ದೇವದುರ್ಗ_ದೋಸ್ತ್ | ಮೇ 5, ಬೆಳಿಗ್ಗೆ 10:12

ಲ್ಯಾಬ್ ಅಂದ್ರ ನೀರಿನ ನಾಯಿ. ಕೃಷ್ಣಾ ಹೊಳಿ ಹತ್ರನೇ ಅದಲ್ಲ ನಿಮಗ? ಶಕ್ತಿನಗರ ಕಡೆ ಒಯ್ದು ಈಜಾಡ್ಸಿ ಬರ್ರಿ. ಮೈಗೂ ತಂಪು, ಓಡಾಟನೂ ಆಯ್ತು.

ಹುಲಿಕೆರಿ_ಹುಡುಗ | ಮೇ 5, ಬೆಳಿಗ್ಗೆ 10:15

ಹೊಳಿಗೆ ಮಾತ್ರ ಬಿಡಬ್ಯಾಡ್ರಿ! ಕೃಷ್ಣಾದಾಗೂ ಮೊಸಳಿ ಅದಾವು, ತುಂಗಭದ್ರಾದಾಗೂ ಅದಾವು. ಬ್ಯಾಸಗ್ಯಾಗ ನೀರು ಇಳಿದು ಮಡುವಿನ್ಯಾಗಷ್ಟ ನಿಂತಿರ್ತೈತಿ, ಮೊಸಳಿನೂ ಅಲ್ಲೇ ಬಂದು ಸೇರ್ತಾವು. ಸಾಣಾಪುರ, ಆನೆಗೊಂದಿ ಕಡೆ ದಂಡಿಗೆ ಬೋರ್ಡ್ ಹಾಕ್ಯಾರ, ನೋಡಿಲ್ಲೇನು?

ಸಿಂಧನೂರು_ಹೊಲ | ಮೇ 5, ಬೆಳಿಗ್ಗೆ 11:20

ಕಾಲುವೀನೂ ಬ್ಯಾಡ. ಈಗಂತೂ ಎಡದಂಡಿ ಕಾಲುವಿ ಒಣಗ್ಯದ. ನೀರು ಬಿಟ್ಟಾಗ ಸೆಳವು ಜಾಸ್ತಿ, ಎರಡೂ ಮಗ್ಗಲು ಸಿಮೆಂಟಿನ ಇಳಿಜಾರು. ಒಮ್ಮೆ ಇಳಿದ ನಾಯಿಗೆ ಉಗುರು ಊರಲಿಕ್ಕೆ ಜಾಗ ಸಿಗಂಗಿಲ್ಲ. ನಮ್ಮೂರಾಗ ಒಂದು ಆಕಳ ಕರ ಹಂಗ ಹೋಗ್ಯದ, ಕಣ್ಣ ಮುಂದ.

ದೇವದುರ್ಗ_ದೋಸ್ತ್ | ಮೇ 5, ಬೆಳಿಗ್ಗೆ 11:31

ಮೊಸಳಿ ವಿಚಾರ ನೆನಪೇ ಬರಲಿಲ್ರಿ. ಮಾತು ವಾಪಸ್ ತಗೊಂಡೆ.

ತೋರಣಗಲ್ಲು_ಶಿಫ್ಟ್ | ಮೇ 5, ಮಧ್ಯಾಹ್ನ 3:08

ಇದನ್ನ ಬರೀಬೇಕೋ ಬೇಡವೋ ಅಂತ ಬೆಳಗ್ಗೆಯಿಂದ ಯೋಚನೆ ಮಾಡ್ತಿದ್ದೆ. ಬರೀತೀನಿ.

ನಮ್ಮ ರಾಕಿ ಜರ್ಮನ್ ಶೆಫರ್ಡ್, ಐದು ವರ್ಷ. ಎರಡು ವರ್ಷದ ಹಿಂದೆ ಏಪ್ರಿಲ್ ಕೊನೆ ವಾರ. ನಾನು ಮೊದಲ ಶಿಫ್ಟ್ ಮುಗಿಸಿ ಬಂದು ಸಂಜೆ ಐದೂವರೆಗೆ ಕ್ವಾರ್ಟರ್ಸ್ ಮೈದಾನಕ್ಕೆ ಕರ್ಕೊಂಡು ಹೋದೆ. ಚೆಂಡು ಎಸೆದೆ, ತಂದ. ಎಸೆದೆ, ತಂದ. ಇಪ್ಪತ್ತು ನಿಮಿಷ. ಅವನು ಬಾಲ ಅಲ್ಲಾಡಿಸ್ತಾನೇ ಇದ್ದ, ನಿಲ್ಲು ಅಂತ ನನಗೆ ಅನ್ನಿಸ್ಲೇ ಇಲ್ಲ. ಆಮೇಲೆ ಚೆಂಡು ಬಾಯಲ್ಲಿ ಹಿಡ್ಕೊಂಡೇ ಹಿಂದಿನ ಕಾಲು ತೂರಾಡೋಕೆ ಶುರುವಾಯ್ತು. ನಾಲಿಗೆ ಅಗಲ ಆಗಿ ಹೊರಗೆ ಬಿದ್ದಿತ್ತು, ವಸಡು ಇಟ್ಟಿಗೆ ಕೆಂಪು, ಜೊಲ್ಲು ಗಂಜಿ ತರ ಗಟ್ಟಿ. ನಾನು ಆಸ್ಪತ್ರೆ ಆಸ್ಪತ್ರೆ ಅಂತ ಬೈಕ್ ಹುಡುಕಿದೆ, ಆಟೋ ಹುಡುಕಿದೆ. ಮೈದಾನದ ಮೂಲೇಲಿ ನಲ್ಲಿ ಇತ್ತು. ಅವನ ಮೇಲೆ ಒಂದು ಬಕೆಟ್ ನೀರು ಹಾಕಬೇಕು ಅಂತ ಗೊತ್ತಿರಲಿಲ್ಲ. ಸೇರೋಕೆ ಮುಕ್ಕಾಲು ಗಂಟೆ ಆಯ್ತು. ರಾತ್ರಿ ಹೋದ.

ಆ ಚೆಂಡು ಇನ್ನೂ ಮನೇಲಿದೆ. ನಿಮ್ಮ ನಾಯಿ ಕುಂತಿತಲ್ಲ ರಸ್ತೆ ಮೇಲೆ, ಅದು ಕುಂತಿದ್ದು ಒಳ್ಳೇದಾಯ್ತು ಸರ್. ರಾಕಿ ಕೂರಲಿಲ್ಲ.

ಗಂಗಾವತಿ_ಅಕ್ಕ | ಮೇ 5, ಮಧ್ಯಾಹ್ನ 3:20

ಓದಿ ಕಣ್ಣಾಗ ನೀರು ಬಂತು ತಮ್ಮಾ. ಗೊತ್ತಿದ್ರ ನೀವು ಬಿಡ್ತಿದ್ದಿಲ್ಲ.

ಕೌಲ್‌ಬಜಾರ್_ಪಾಮಿ | ಮೇ 5, ಮಧ್ಯಾಹ್ನ 3:41

ಕೇಳಿ ಸಂಕಟ ಆಯ್ತು ಬ್ರದರ್. ಆದ್ರೆ ಒಂದು ಡೌಟು, ಬಿಸಿ ಮೈ ಮೇಲೆ ತಣ್ಣೀರು ಹಾಕಿದ್ರೆ ಶಾಕ್ ಆಗ್ತೈತೆ ಅಂತಾರಲ್ಲ? ಐಸ್ ನೀರಂತೂ ಮುಟ್ಟಿಸಲೇಬಾರದು ಅಂತ ಕೇಳಿದೀನಿ.

ನಿವೃತ್ತ_ಪಶುವೈದ್ಯ | ಮೇ 5, ಸಂಜೆ 5:30

ನಮಗೂ ಕಾಲೇಜಿನಲ್ಲಿ ಹಾಗೇ ಕಲಿಸಿದ್ದರು. ತಣ್ಣೀರು ಸುರಿದರೆ ಚರ್ಮದ ರಕ್ತನಾಳ ಬಿಗಿದು ಒಳಗಿನ ಕಾವು ಒಳಗೇ ಉಳಿಯುತ್ತದೆ ಎಂಬ ಮಾತು. ಈಗಿನ ಸಲಹೆ ಬದಲಾಗಿದೆ: ಮೊದಲು ತಣಿಸಿ, ಆಮೇಲೆ ಸಾಗಿಸಿ. ಐಸ್ ಹುಡುಕುತ್ತಾ ಹೋಗುವುದೂ ಬೇಡ, ನೀರು ಹೆಚ್ಚು ತಣ್ಣಗಿದೆ ಎಂದು ಹೆದರುವುದೂ ಬೇಡ. ನಾಯಿಯ ಮೈಗಿಂತ ತಣ್ಣಗಿರುವ ಯಾವ ನೀರಾದರೂ ಸರಿ. ನೆರಳಿಗೆ ತನ್ನಿ, ಕೂದಲಿನ ಬುಡಕ್ಕೆ, ಹೊಟ್ಟೆ, ತೊಡೆಸಂದಿಗೆ ಇಳಿಯುವಂತೆ ಸುರಿಯುತ್ತಲೇ ಇರಿ, ಗಾಳಿ ಬೀಸಿ. ಒದ್ದೆ ಟವೆಲ್ ಹೊದಿಸಿ ಬಿಡಬೇಡಿ. ಅದು ಐದು ನಿಮಿಷಕ್ಕೆ ಬಿಸಿಯಾಗಿ ಕಂಬಳಿಯಂತಾಗುತ್ತದೆ. ಪ್ರಜ್ಞೆ ಇಲ್ಲದ ನಾಯಿಯ ಬಾಯಿಗೆ ನೀರು ಹೊಯ್ಯಬೇಡಿ. ಗುದದ ಥರ್ಮಾಮೀಟರ್‌ನಲ್ಲಿ 39.5ಕ್ಕೆ ಇಳಿದರೆ ನೀರು ಹಾಕುವುದು ನಿಲ್ಲಿಸಿ. ಎದ್ದು ಓಡಾಡಿದರೂ ಆಸ್ಪತ್ರೆಗೆ ಹೋಗಲೇಬೇಕು. ಒಳಗಿನ ಅಂಗಾಂಗದ ಹಾನಿ ಮರುದಿನ ಕಾಣಿಸಿಕೊಳ್ಳುವುದುಂಟು.

ರಾಕಿಯ ವಿಷಯ ಬರೆದವರಿಗೆ: ನೀವು ಬರೆದದ್ದು ಇನ್ನೊಂದು ನಾಯಿಯನ್ನು ಉಳಿಸುತ್ತದೆ.

ಗುಡ್ಡದ_ಓಟಗಾರ | ಮೇ 5, ಸಂಜೆ 5:44

ಡಾಕ್ಟ್ರ ಮಾತಿಗೆ ಒಂದು ಸೇರಿಸ್ತೀನಿ. ನಮ್ಮ ಕಡೆ ಮಾಳಿಗೆ ಮೇಲಿನ ಪ್ಲಾಸ್ಟಿಕ್ ಟ್ಯಾಂಕಿನ ನೀರು ಮಧ್ಯಾಹ್ನ ಮುಟ್ಟೋಕಾಗಲ್ಲ. ಪೈಪ್ ಹಿಡಿದು ನೇರ ನಾಯಿ ಮೇಲೆ ಬಿಟ್ರೆ ಸುಟ್ಟೇ ಹೋಗ್ತೈತೆ. ನೆಲದ ಸಂಪಿನಿಂದ ಸೇದ್ರಿ, ಇಲ್ಲಾಂದ್ರೆ ನೆರಳಿನಾಗೆ ಎರಡು ಬಕೆಟ್ ತುಂಬಿಟ್ಟಿರ್ರಿ. ಕುಡಿಯೋಕೆ ಮಣ್ಣಿನ ಪಾತ್ರೆ. ಸ್ಟೀಲ್ ಬಟ್ಟಲು ಬಿಸಿಲಿಗೆ ಇಟ್ರೆ ಅದೇ ಒಲೆ.

ಸಿರುಗುಪ್ಪ_ಮೇಷ್ಟ್ರು | ಮೇ 5, ರಾತ್ರಿ 8:10

ಏಪ್ರಿಲ್, ಮೇ ಎರಡು ತಿಂಗಳು ನಮ್ಮ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ರವರೆಗೆ ನಡೆಸುತ್ತಾರೆ. ಮನುಷ್ಯರಿಗೆ ಈ ಬಿಸಿಲು ಆಗದು ಎಂದೇ ತಾನೇ? ನಾಯಿಗೂ ವೇಳಾಪಟ್ಟಿ ಬದಲಿಸಿದರೆ ಅದನ್ನು "ಪ್ಯಾಟಿಯವರ ಷೋಕಿ" ಎನ್ನಬೇಕಿಲ್ಲ. ನಾನು 4:45ಕ್ಕೆ ಹೊರಡುತ್ತೇನೆ, 5:40ಕ್ಕೆ ವಾಪಸ್. ಸಂಜೆ ವಾಕಿಂಗ್ ಇಲ್ಲವೇ ಇಲ್ಲ, ಮೂತ್ರಕ್ಕೆ ಅಂಗಳದ ಬೇವಿನ ಬುಡ.

ಬ್ರೂನೋ_ರಾಯಚೂರು | ಮೇ 5, ರಾತ್ರಿ 8:25

ಮೇಷ್ಟ್ರೇ, ಅಷ್ಟು ನಸುಕಿನ್ಯಾಗ ಬೀದಿ ನಾಯಿ ಗುಂಪು ಬೆನ್ನು ಹತ್ತಂಗಿಲ್ಲೇನ್ರಿ? ನಮ್ಮ ಓಣ್ಯಾಗ ಎಂಟು ಅದಾವ.

ಸಿರುಗುಪ್ಪ_ಮೇಷ್ಟ್ರು | ಮೇ 5, ರಾತ್ರಿ 8:39

ಮೊದಲ ವಾರ ಬೆನ್ನು ಹತ್ತಿದವು. ದಿನವೂ ಅದೇ ದಾರಿ, ಅದೇ ಹೊತ್ತು ಹಿಡಿದೆ. ಓಡಲಿಲ್ಲ, ಕಲ್ಲು ಎತ್ತಲಿಲ್ಲ. ರಾತ್ರಿ ಉಳಿದ ರೊಟ್ಟಿ ಹಾಲಿನಲ್ಲಿ ನೆನೆಸಿ ಓಣಿಯ ತುದಿಯಲ್ಲಿ ಇಟ್ಟು ಬರುತ್ತಿದ್ದೆ. ಈಗ ಅವು ತಲೆ ಎತ್ತಿ ನೋಡಿ ಮಲಗುತ್ತವೆ. ನಿಮ್ಮ ನಾಯಿಗೆ ರೇಬೀಸ್ ಲಸಿಕೆ ಮಾತ್ರ ತಪ್ಪದಿರಲಿ.

ಟಾರ್ಚ್ ಒಯ್ಯಿರಿ. ಬಂಡೆಯ ಸಂದಿಯ ಚೇಳು, ಹಾವು ಬೇಸಿಗೆಯ ರಾತ್ರಿಯಲ್ಲೇ ಹೊರಬರುತ್ತವೆ, ನಾಯಿ ಮೂಗು ಹಾಕುವುದು ಅಲ್ಲಿಗೇ. ಬಳ್ಳಾರಿ ಜಾಲಿ ಬೆಳೆದ ಬಯಲಿಗೆ ಬಿಡಬೇಡಿ. ಆ ಮುಳ್ಳು ಮೆತ್ತೆಯೊಳಗೆ ಮುರಿದರೆ ಕೀವು ತುಂಬುತ್ತದೆ.

ಹುಲಿಕೆರಿ_ಹುಡುಗ | ಮೇ 5, ರಾತ್ರಿ 9:02

ಇಷ್ಟೆಲ್ಲಾ ಯಾಕ, ಮುಧೋಳ ನಾಯಿ ಸಾಕ್ರಿ! ತೆಳ್ಳನ ಮೈ, ಸಣ್ಣ ಕೂದಲ, ಉದ್ದ ಮೂತಿ. ನಮ್ಮ ಬಿಸಲಿಗಂತನ ಹುಟ್ಟೈತಿ. 2005ರಾಗ ಅಂಚೆ ಚೀಟಿ ಮ್ಯಾಲೆ ಬಂದೈತಿ, 2016ರಾಗ ಮಿಲಿಟರಿಯವ್ರು ಮೀರತ್‌ಗೆ ತರಬೇತಿಗೆ ಒಯ್ದಾರ.

ದೇವದುರ್ಗ_ದೋಸ್ತ್ | ಮೇ 5, ರಾತ್ರಿ 9:10

ನಮ್ಮ ಮಾವನ ಮನ್ಯಾಗ ಇತ್ತು. ಬಿಸಲು ತಡೀತದ, ಖರೇ. ಆದ್ರ ಮ್ಯಾಕಿ ಮರಿ ಕಣ್ಣಿಗೆ ಬಿತ್ತಂದ್ರ ಹಗ್ಗ ಹರಕೊಂಡು ಹೋಗ್ತಿತ್ತು. ಓಡೋ ಬಯಲು ಇಲ್ಲದ ಮನ್ಯಾಗ ಅದನ್ನ ಕಟ್ಟಿ ಹಾಕೋದು ಪಾಪ.

ಸಿಂಧನೂರು_ಹೊಲ | ಮೇ 5, ರಾತ್ರಿ 9:18

ಅಂವ ಬ್ರೂನೋಗ ಏನ್ ಮಾಡ್ಲಿ ಅಂತ ಕೇಳ್ಯಾನ. ಬ್ಯಾರೆ ನಾಯಿ ತಗೋ ಅಂದ್ರ ಹೆಂಗ?

ಗಂಗಾವತಿ_ಅಕ್ಕ | ಮೇ 5, ರಾತ್ರಿ 9:50

ಮನಿಯೊಳಗಿನ ಆಟ ನಾ ಹೇಳ್ತೀನಿ, ಹೊರಗ ಹೋಗಾಕಾಗಲ್ಲಂದ್ರ ಅದ ದಾರಿ. ನಾಯಿಗೆ ಕಾಲಿಗಿಂತ ಮೂಗಿಗೆ ಕೆಲಸ ಕೊಟ್ರ ಲಗೂನ ದಣೀತೈತಿ. ನಮ್ಮ ಜೂಲಿ ಮ್ಯಾಲೆ ನೋಡೀನಿ.

ನಿಮ್ಮನ್ಯಾಗ ಪಡ್ಡಿನ ಹಂಚು ಐತಲ್ಲ? ಹಳೇದೊಂದು ತಗೋರಿ. ಒಂದೊಂದು ಕುಳ್ಯಾಗ ಬೇಯಿಸಿದ ತತ್ತಿ ಚೂರು ಇಡ್ರಿ, ಕೆಲವು ಖಾಲಿ ಬಿಡ್ರಿ. ಎಲ್ಲಾ ಕುಳಿ ಮ್ಯಾಲೂ ಹುಡುಗ್ರ ಕ್ರಿಕೆಟ್ ಚೆಂಡು ಕೂಡಿಸ್ರಿ. ಚೆಂಡು ಸರಿಸಿ ಹುಡುಕಬೇಕು. ಮೊದಲನೇ ದಿನ ಹಂಚನ್ನ ಉರುಳಿಸ್ತೈತಿ. ಮೂರನೇ ದಿನಕ್ಕ ಮೂಸಿ ಮೂಸಿ ಬರೋಬ್ಬರಿ ಕುಳಿನ ಆರಸ್ತೈತಿ.

ಅದಾದ ಮ್ಯಾಲೆ ಒಂದು ಗೋಣಿ ತಟ್ಟು ತಗೊಂಡು ಒಳಗ ಜ್ವಾಳದ ರೊಟ್ಟಿ ಚೂರು ಸುತ್ತಿ ಗಂಟು ಹಾಕ್ರಿ, ಬಿಚ್ಚಾಕ ಹತ್ತು ನಿಮಿಷ ಹಿಡೀತೈತಿ. ಆಮ್ಯಾಲೆ ಖೋಲಿ ಖೋಲಿ ತಿರುಗಿ ಬಾಗಲ ಸಂದ್ಯಾಗ, ಕುರ್ಚಿ ಕೆಳಗ ಚೂರು ಬಚ್ಚಿಟ್ಟು "ಹುಡುಕು" ಅನ್ರಿ. ಮುಂಜಾನಿ ಊಟನ ತಟ್ಟ್ಯಾಗ ಹಾಕಬ್ಯಾಡ್ರಿ, ಅರ್ಧ ಇದರಾಗನ ಕೊಡ್ರಿ. ಅಂದ್ರ ಮೈಯೂ ಏರಂಗಿಲ್ಲ. ಮಧ್ಯಾಹ್ನ ತೆಳ್ಳನ ಮಜ್ಜಿಗಿ ಬಟ್ಟಲದಾಗ ಐಸ್ ಗಡ್ಡಿ ಕಟ್ಟಿಸಿ ಕೊಡ್ರಿ, ಅರ್ಧ ತಾಸು ನೆಕ್ಕೊಂತ ಕುಂದರ್ತೈತಿ. ನಾವು ಕುಡಿಯೋ ಉಪ್ಪು, ಹಸಿಮೆಣಸಿನಕಾಯಿ ಹಾಕಿದ ಮಜ್ಜಿಗಿ ಬ್ಯಾಡ. ಉಳ್ಳಾಗಡ್ಡಿ ಅದಕ್ಕ ವಿಷ.

ತೋರಣಗಲ್ಲು_ಶಿಫ್ಟ್ | ಮೇ 5, ರಾತ್ರಿ 10:15

ಪಡ್ಡಿನ ಹಂಚು! ಎಷ್ಟು ಸುಲಭ.

ಕೌಲ್‌ಬಜಾರ್_ಪಾಮಿ | ಮೇ 5, ರಾತ್ರಿ 10:22

ಕಲ್ಲಂಗಡಿ ಕೊಡಬಹುದಾ? ಮಾವಿನಹಣ್ಣು?

ನಿವೃತ್ತ_ಪಶುವೈದ್ಯ | ಮೇ 6, ಬೆಳಿಗ್ಗೆ 6:05

ಕಲ್ಲಂಗಡಿ ಬೀಜ, ಸಿಪ್ಪೆ ತೆಗೆದು ನಾಲ್ಕು ತುಂಡು ಕೊಡಿ. ದ್ರಾಕ್ಷಿ, ಒಣದ್ರಾಕ್ಷಿ ಒಂದೂ ಬೇಡ, ಮೂತ್ರಪಿಂಡ ಕೆಡುತ್ತದೆ. ಮಾವಿನ ತಿರುಳು ಪರವಾಗಿಲ್ಲ, ಗೊರಟೆ ಮಾತ್ರ ಕೈಗೆ ಸಿಗಬಾರದು. ಲ್ಯಾಬ್ ಅದನ್ನು ಇಡಿಯಾಗಿ ನುಂಗುತ್ತದೆ, ಕರುಳಿಗೆ ಅಡ್ಡ ಸಿಕ್ಕಿದರೆ ಹೊಟ್ಟೆ ಕೊಯ್ದು ತೆಗೆಯಬೇಕು. ಮೇ ತಿಂಗಳಲ್ಲಿ ನಾನು ಮಾಡಿದ ಆಪರೇಷನ್‌ಗಳಲ್ಲಿ ಗೊರಟೆಯವೇ ಹೆಚ್ಚು.

ಹುಲಿಕೆರಿ_ಹುಡುಗ | ಮೇ 6, ಬೆಳಿಗ್ಗೆ 7:30

ನಮ್ಮ ಕೊಪ್ಪಳದ ಕೇಸರ್ ಹಣ್ಣು ಬಂದಾವು ಈಗ, ಮನಿತುಂಬ ಗೊರಟಿ. ಚಲೋ ಹೇಳಿದ್ರಿ ಸರ್.

ಬ್ರೂನೋ_ರಾಯಚೂರು | ಮೇ 19, ರಾತ್ರಿ 9:15

ಎರಡು ವಾರದ ಮ್ಯಾಲೆ ಬರೀಲಿಕ್ಕತ್ತೀನಿ. ಪಾದ ಮಾಯ್ದದ. ಹನ್ನೊಂದು ದಿನ ಹೊರಗ ಒಯ್ಯಲಿಲ್ಲ, ಅಷ್ಟೂ ದಿನ ಪಡ್ಡಿನ ಹಂಚು, ತಟ್ಟು, ಹುಡುಕಾಟ. ಮಗಳು ಸೂಟಿಯೊಳಗ ಅದಾಳ, ಅಕಿನೇ ಮಾಸ್ತರು. "ಹುಡುಕು" ಅಂದ್ರ ಈಗ ಬ್ರೂನೋ ಜಿನ್ನಿ ಹತ್ತಿ ಮೇಲಿನ ಖೋಲಿ ತನಕ ಮೂಸಿಕೊಂತ ಹೋಗ್ತಾನ. ಚಪ್ಪಲಿ ಕಡಿಯೋದು ನಿಂತದ. ಕಾಲೊರಸು ಮಾತ್ರ ಇನ್ನೂ ಬಿಟ್ಟಿಲ್ಲ.

ನಾಕು ದಿನದಿಂದ ನಸುಕಿನ್ಯಾಗ 4:50ಕ್ಕ ಹೊಂಡ್ತೀವಿ. ಕೈ ಇಟ್ಟು ಏಳು ಎಣಸ್ತೀನಿ, ಆಮ್ಯಾಲೆ ಹೆಜ್ಜಿ ಇಡ್ತೀವಿ. ಆಮ್ ತಲಾಬ್ ದಂಡಿಗೆ ಆ ಹೊತ್ತಿನ್ಯಾಗ ಸಣ್ಣ ಗಾಳಿ ಇರ್ತದ, ಅವ ಮೂಗು ಎತ್ತಿ ನಿಂತುಬಿಡ್ತಾನ, ನಾನೂ ಎಳೆಯಂಗಿಲ್ಲ. ತೂಕ ನಿನ್ನೆ ನೋಡಿಸಿದೆ, 33.2 ಅದ. ಓಣಿಯ ಎಂಟರಾಗ ಐದು ಸುಮ್ಮನಾಗ್ಯಾವ. ಸಂಪಿನ ಮಗ್ಗಲು ಎರಡು ಬಕೆಟ್ ತುಂಬಿ ಇಟ್ಟೀನಿ, ರಾಕಿ ನೆನಪಿಗೆ.

ತೋರಣಗಲ್ಲು_ಶಿಫ್ಟ್ | ಮೇ 19, ರಾತ್ರಿ 9:33

ಥ್ಯಾಂಕ್ಸ್ ಸರ್. ಬ್ರೂನೋ ಫೋಟೋ ಹಾಕಿ.

ಸಿಂಧನೂರು_ಹೊಲ | ಮೇ 19, ರಾತ್ರಿ 9:47

ಮೂರು ನಾಯಿ ಇನ್ನೂ ಬೊಗಳ್ತಾವಂದ್ರ ಅವಕ್ಕ ರೊಟ್ಟಿ ಮುಟ್ಟಿಲ್ಲ. ತುದಿಗೆ ಒಂದೇ ಕಡೆ ಇಡಬ್ಯಾಡ್ರಿ, ಎರಡು ಕಡೆ ಇಡ್ರಿ. ಮಗ್ಗಲಿಗೆ ನೀರಿನ ಬಾನಿನೂ ಇರ್ಲಿ.